ಪೆಪ್ಟೈಡ್ ಹೋಲಿಸುವ ಮುಂಚೆ ಒಂದು ಖಾಲಿ ಹಾಳೆ ತೆಗೆದುಕೊಳ್ಳಿ

ಆಷಾಢದ ಒಂದು ಮಧ್ಯಾಹ್ನ. ತೀರ್ಥಹಳ್ಳಿಯಲ್ಲಿ ಬೆಳಗಿನಿಂದ ಬಿಡದೆ ಮಳೆ. ಅಂಗಡಿಯಲ್ಲಿ ಜನ ಕಡಿಮೆ. ಪರಿಚಯದ ಹುಡುಗನೊಬ್ಬ ಕೊಡೆ ಮಡಚಿ ಒಳಗೆ ಬಂದು ಮೊಬೈಲ್ ಮುಂದೆ ಹಿಡಿದ. "ಅಣ್ಣಾ, ಇದ್ರಲ್ಲಿ ಯಾವ್ದು ಒಳ್ಳೇದು? ಅಮ್ಮನ ಗಂಟು ನೋವಿಗೆ" ಅಂದ.

ಪರದೆಯ ಮೇಲೆ ಐದು ಹೆಸರುಗಳಿದ್ದವು. ಥೈಮೋಸಿನ್ ಆಲ್ಫಾ-1, ಬಿಪಿಸಿ-157, ಟಿಬಿ-500, ಎಲ್‌ಎಲ್-37, ಕೆಪಿವಿ. ಐದರ ಮುಂದೆಯೂ ಬರೆದಿದ್ದು ಒಂದೇ ಮಾತು: ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ, ಉರಿಯೂತ ಇಳಿಸುತ್ತದೆ. ಬೆಲೆ ಮಾತ್ರ ಬೇರೆ ಬೇರೆ.

ನಾನು ಔಷಧಿ ಅಂಗಡಿ ನಡೆಸಲು ಶುರು ಮಾಡಿ 22 ವರ್ಷ ಆಯಿತು. ಡಾಕ್ಟರ್ ಅಲ್ಲ. ಆದರೆ ಮದ್ದಿನ ಜೊತೆ ಬರುವ ಕಾಗದ ಓದುವುದು ನನ್ನ ದಿನದ ಕೆಲಸ. ಅವತ್ತು ಅವನಿಗೆ ಐದು ಖಾಲಿ ಹಾಳೆ ಕೊಟ್ಟೆ. ಒಂದೊಂದು ಪೆಪ್ಟೈಡಿಗೆ ಒಂದೊಂದು ಹಾಳೆ. ಏನೇನು ಬರೆಯಬೇಕು ಅಂತ ಕೂತು ಹೇಳಿದೆ. ಆಮೇಲೆ ಇದೇ ಪ್ರಶ್ನೆ ಸಾಗರದಿಂದ, ಹೊಸನಗರದಿಂದ, ಶಿವಮೊಗ್ಗದ ಜಿಮ್ ಹುಡುಗರಿಂದಲೂ ಬಂತು. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಯಾವ ಪೆಪ್ಟೈಡ್ ತಗೋಬೇಕು, ಎಷ್ಟು ತಗೋಬೇಕು ಅನ್ನುವುದು ಇದರಲ್ಲಿ ಇಲ್ಲ. ಅದನ್ನು ಡಾಕ್ಟರೇ ಹೇಳಬೇಕು. ಹೋಲಿಸುವುದು ಹೇಗೆ ಅನ್ನುವುದಷ್ಟೇ ಇದೆ.

ಪೆಪ್ಟೈಡ್ ಅಂದರೆ ಏನು ಅಂತ ಒಂದು ಮಾತು. ಅಮೈನೋ ಆಮ್ಲಗಳನ್ನು ಮಣಿ ಪೋಣಿಸಿದ ಹಾಗೆ ಪೋಣಿಸಿದರೆ ಸಿಗುವ ಸರವೇ ಪೆಪ್ಟೈಡ್. ಸರ ಉದ್ದವಾದರೆ ಪ್ರೋಟೀನ್ ಅನ್ನುತ್ತಾರೆ. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 40 ಮಣಿವರೆಗೆ ಪೆಪ್ಟೈಡ್ ಎಂದು ಲೆಕ್ಕ ಇಡುತ್ತದೆ. 51 ಮಣಿಯ ಇನ್ಸುಲಿನ್ ಇದರ ಪಕ್ಕದ ಮನೆಯದು. ನಮ್ಮ ಊರಲ್ಲಿ ಎಷ್ಟು ಜನರ ಫ್ರಿಜ್ಜಿನಲ್ಲಿ ಅದು ಇಲ್ಲ ಹೇಳಿ? ಹಾಗಾಗಿ ಹೆಸರು ಕೇಳಿ ಹೆದರಬೇಕಾಗಿಲ್ಲ. ಹೆಸರು ಕೇಳಿ ಮರುಳಾಗಲೂ ಬೇಕಾಗಿಲ್ಲ.

1. ಕಾಯಿಲೆಯ ಹೆಸರು ಮೊದಲು, ಮದ್ದಿನ ಹೆಸರು ಆಮೇಲೆ

ಹಾಳೆಯ ಮೇಲ್ಭಾಗದಲ್ಲಿ ಪೆಪ್ಟೈಡಿನ ಹೆಸರು ಬರೆಯಬೇಡಿ. ಯಾರಿಗೆ, ಯಾವ ಕಾಯಿಲೆಗೆ ಅನ್ನುವುದನ್ನು ಬರೆಯಿರಿ. ಡಾಕ್ಟರ್ ಚೀಟಿಯಲ್ಲಿ ಇರುವ ಹೆಸರೇ ಆಗಬೇಕು. "ಇಮ್ಯುನಿಟಿ ಕಡಿಮೆ", "ಮೈಯೆಲ್ಲಾ ಉರಿಯೂತ" ಅನ್ನುವುದು ಕಾಯಿಲೆಯ ಹೆಸರಲ್ಲ.

ಇದು ಯಾಕೆ ಇಷ್ಟು ಮುಖ್ಯ? ಉರಿಯೂತ ಅಂದರೆ ರೋಗನಿರೋಧಕ ಶಕ್ತಿಯೇ ಕೆಲಸಕ್ಕೆ ಇಳಿದ ರೂಪ. ಮುಳ್ಳು ಚುಚ್ಚಿದ ಜಾಗ ಕೆಂಪಾಗಿ, ಬಿಸಿಯಾಗಿ, ಊದಿಕೊಳ್ಳುತ್ತದಲ್ಲ, ಅದೇ. ಎರಡನ್ನೂ ಒಟ್ಟಿಗೆ "ಒಂದನ್ನು ಏರಿಸುತ್ತೇವೆ, ಇನ್ನೊಂದನ್ನು ಇಳಿಸುತ್ತೇವೆ" ಅಂದರೆ, ಯಾವ ಜೀವಕೋಶ, ಯಾವ ದಾರಿ ಅಂತ ಕೇಳಲೇಬೇಕು.

ಆ ಹುಡುಗನ ಅಮ್ಮನಿಗೆ ಇರುವುದು ಸಂಧಿವಾತ, ಡಾಕ್ಟರುಗಳು ರುಮಟಾಯ್ಡ್ ಆರ್ಥ್ರೈಟಿಸ್ ಅನ್ನುವ ಕಾಯಿಲೆ. ಅದರಲ್ಲಿ ನಿರೋಧಕ ಶಕ್ತಿ ಕಡಿಮೆ ಆಗಿರುವುದಿಲ್ಲ. ದಾರಿ ತಪ್ಪಿ ತನ್ನದೇ ಕೀಲುಗಳ ಮೇಲೆ ಬಿದ್ದಿರುತ್ತದೆ. ಅವರಿಗೆ ಡಾಕ್ಟರ್ ಕೊಟ್ಟಿರುವ ಮೆಥೊಟ್ರೆಕ್ಸೇಟ್ ಮಾತ್ರೆ ಆ ಶಕ್ತಿಯನ್ನು ತಗ್ಗಿಸುವಂಥದ್ದು. ಒಂದು ಕಡೆ ತಗ್ಗಿಸುವ ಮದ್ದು ನುಂಗಿ, ಇನ್ನೊಂದು ಕಡೆ ಏರಿಸುವ ಸೂಜಿ ಚುಚ್ಚಿಕೊಂಡರೆ ಏನಾಗಬೇಕು? ಸೋರಿಯಾಸಿಸ್, ಲೂಪಸ್ ಇರುವವರಿಗೂ, ಕಿಡ್ನಿ ಕಸಿ ಆದವರಿಗೂ ಇದೇ ಮಾತು. ಇಂಥ ಕಾಯಿಲೆ ಇದ್ದರೆ ಹಾಳೆಯ ಮೇಲೆ ಕೆಂಪು ಪೆನ್ನಿನಲ್ಲಿ ಒಂದು ಗೆರೆ ಎಳೆಯಿರಿ.

2. ಒಂದು ಅಳತೆಗೋಲು ಇಟ್ಟುಕೊಳ್ಳಿ

ಐದು ಹೊಸ ಹೆಸರುಗಳನ್ನು ತಮ್ಮತಮ್ಮಲ್ಲೇ ಹೋಲಿಸಿದರೆ ಅಳತೆ ಸಿಗುವುದಿಲ್ಲ. ಮಂಡಿಯಲ್ಲಿ ರಾಶಿ ಅಡಿಕೆಯ ಧಾರಣೆ ಗೊತ್ತಿದ್ದವನಿಗೆ ಗೊರಬಲು ಅನ್ನುವ ಇನ್ನೊಂದು ಬಗೆಯ ಅಡಿಕೆಯ ಧಾರಣೆ ಸರಿಯೋ ತಪ್ಪೋ ತಿಳಿಯುತ್ತದೆ. ಹಾಗೆ ಇಲ್ಲೂ ಗಟ್ಟಿಯಾಗಿ ನಿಂತಿರುವ ಒಂದು ಪೆಪ್ಟೈಡನ್ನು ಪಕ್ಕದಲ್ಲಿ ಇಟ್ಟುಕೊಳ್ಳಬೇಕು.

ನಾನು ಸೈಕ್ಲೋಸ್ಪೊರಿನ್ ಇಟ್ಟುಕೊಳ್ಳುತ್ತೇನೆ. ಅದೂ ಪೆಪ್ಟೈಡೇ. 11 ಅಮೈನೋ ಆಮ್ಲಗಳು ಉಂಗುರದ ಹಾಗೆ ಸುತ್ತಿಕೊಂಡಿರುತ್ತವೆ. ನಾರ್ವೆ ದೇಶದ ಮಣ್ಣಿನಲ್ಲಿ ಸಿಕ್ಕ ಒಂದು ಶಿಲೀಂಧ್ರದಿಂದ ಬಂದಿದ್ದು. 1983ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಕಿಡ್ನಿ ಕಸಿಯ ಚರಿತ್ರೆಯನ್ನೇ ಅದು ಬದಲಿಸಿತು. ಸೋರಿಯಾಸಿಸ್‌ಗೂ, ಸಂಧಿವಾತಕ್ಕೂ ಡಾಕ್ಟರುಗಳು ಬರೆದಿದ್ದಾರೆ.

ಇದರಿಂದ ಮೂರು ವಿಷಯ ಕಣ್ಣಿಗೆ ಬೀಳುತ್ತವೆ. ನಿರೋಧಕ ಶಕ್ತಿಯ ಮೇಲೆ ಪಕ್ಕಾ ಕೆಲಸ ಮಾಡುತ್ತದೆ ಅಂತ ಸಾಬೀತಾದ ಈ ಪೆಪ್ಟೈಡ್ ಅದನ್ನು ಹೆಚ್ಚಿಸುವುದಿಲ್ಲ, ತಗ್ಗಿಸುತ್ತದೆ. ಇಷ್ಟು ಒಳ್ಳೆಯ ಮದ್ದಿಗೂ ಕಿಡ್ನಿಗೆ ಪೆಟ್ಟು ಕೊಡುವ, ಬಿಪಿ ಏರಿಸುವ ಗುಣ ಇದೆ. ತಗೊಳ್ಳುವವರು ರಕ್ತ ಪರೀಕ್ಷೆ ಮಾಡಿಸುತ್ತಲೇ ಇರಬೇಕು. ಮತ್ತೆ, ಅದರ ಒಳ್ಳೇದು ಕೆಟ್ಟದ್ದು ಎರಡೂ ಸಾವಿರಾರು ರೋಗಿಗಳಿಂದ, ನಲವತ್ತು ವರ್ಷದಿಂದ ಬರೆದಿಟ್ಟು ಗೊತ್ತಾಗಿದ್ದು. "ಅಡ್ಡ ಪರಿಣಾಮವೇ ಇಲ್ಲ" ಅನ್ನುವ ಪೆಪ್ಟೈಡ್ ಕಂಡರೆ ಈ ಹಾಳೆಯ ಪಕ್ಕ ಇಟ್ಟು ನೋಡಿ.

"ನಮ್ಮ ದೇಹದಲ್ಲೇ ಇರುವಂಥದ್ದು, ಹಾಗಾಗಿ ತೊಂದರೆ ಇಲ್ಲ" ಅನ್ನುವ ಮಾತೂ ತುಂಬ ಓಡಾಡುತ್ತದೆ. ಇನ್ಸುಲಿನ್ನೂ ದೇಹದಲ್ಲೇ ಇರುವಂಥದ್ದು. ಹೆಚ್ಚಾದರೆ ಏನಾಗುತ್ತದೆ ಅಂತ ಸಕ್ಕರೆ ಕಾಯಿಲೆಯವರ ಮನೆಯಲ್ಲಿ ಕೇಳಿ.

3. ಅದೇ ಹೆಸರಾ, ಅದೇ ವಸ್ತುವಾ?

ಈಗ ಪೆಪ್ಟೈಡಿನ ಹೆಸರು ಬರೆಯಿರಿ. ಪಕ್ಕದಲ್ಲಿ ಎಷ್ಟು ಅಮೈನೋ ಆಮ್ಲ, ಎಲ್ಲಿಂದ ಬಂದಿದ್ದು ಅನ್ನುವುದೂ ಇರಲಿ. ಈ ಸಾಲು ತುಂಬುವಾಗಲೇ ಅರ್ಧ ಗೊಂದಲ ಬಿಡಿಸಿಕೊಳ್ಳುತ್ತದೆ.

ಥೈಮೋಸಿನ್ ಆಲ್ಫಾ-1 ಮತ್ತು ಥೈಮೋಸಿನ್ ಬೀಟಾ-4 ಅಣ್ಣತಮ್ಮಂದಿರ ಹಾಗೆ ಕೇಳಿಸುತ್ತವೆ. ಎದೆಯ ಮೂಳೆಯ ಹಿಂದೆ ಥೈಮಸ್ ಅಂತ ಒಂದು ಗ್ರಂಥಿ ಇದೆ. ನಿರೋಧಕ ಶಕ್ತಿಯ ಟಿ ಕೋಶಗಳು ಅಲ್ಲಿ ಪಳಗುತ್ತವೆ. ಎಳೆ ಕರುಗಳ ಆ ಗ್ರಂಥಿಯ ಸಾರದಿಂದ ಎರಡನ್ನೂ ಬೇರ್ಪಡಿಸಿದ್ದರಿಂದ ಒಂದೇ ಹೆಸರು ಬಂತು. ಕೆಲಸ ಬೇರೆ ಬೇರೆ. ಆಲ್ಫಾ-1ರಲ್ಲಿ 28 ಅಮೈನೋ ಆಮ್ಲ. ಅದು ಟಿ ಕೋಶಗಳನ್ನು ಚುರುಕು ಮಾಡುತ್ತದೆ ಅಂತ ಅಧ್ಯಯನಗಳು ಹೇಳುತ್ತವೆ. ಬೀಟಾ-4ರಲ್ಲಿ 43. ಅದು ಜೀವಕೋಶದೊಳಗಿನ ಆಕ್ಟಿನ್ ಎಂಬ ಪ್ರೋಟೀನನ್ನು ಹಿಡಿದುಕೊಳ್ಳುವಂಥದ್ದು. ಗಾಯ ಮಾಯುವುದರ ಬಗ್ಗೆ ಅದರ ಸಂಶೋಧನೆ ಜಾಸ್ತಿ.

ಇನ್ನು ಟಿಬಿ-500. ಇದನ್ನು ಬೀಟಾ-4 ಅಂತಲೇ ಮಾರುತ್ತಾರೆ. ಆದರೆ ಆ ಹೆಸರು ಬೀಟಾ-4ರ ಏಳು ಮಣಿಯ ಒಂದು ತುಂಡಿಗೆ ಸೇರಿದ್ದು. ಪೂರ್ತಿ ಬೀಟಾ-4ರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶವನ್ನು ಆ ತುಂಡಿನ ಬಾಟಲಿಗೆ ಅಂಟಿಸಿದರೆ ಒಪ್ಪಬೇಡಿ.

ಬಿಪಿಸಿ-157ರಲ್ಲಿ 15 ಮಣಿ. ಮನುಷ್ಯರ ಜಠರ ರಸದಲ್ಲಿ ಸಿಗುವ ಪ್ರೋಟೀನಿನ ತುಂಡು ಅಂತ ಅದನ್ನು ಕಂಡುಹಿಡಿದವರು ಹೇಳುತ್ತಾರೆ. ಕೆಪಿವಿ ಇವುಗಳಲ್ಲೇ ಚಿಕ್ಕದು, ಬರೀ ಮೂರು ಮಣಿ. ಆಲ್ಫಾ-ಎಂಎಸ್‌ಎಚ್ ಅನ್ನುವ 13 ಮಣಿಯ ಹಾರ್ಮೋನಿನ ಬಾಲದ ತುದಿ. ಎಲ್‌ಎಲ್-37ರಲ್ಲಿ ಹೆಸರೇ ಹೇಳುವ ಹಾಗೆ 37. ನಮ್ಮ ಚರ್ಮ, ಶ್ವಾಸನಾಳ, ಬಿಳಿ ರಕ್ತಕಣಗಳು ಕ್ರಿಮಿಗಳನ್ನು ಕೊಲ್ಲಲು ತಾವೇ ತಯಾರಿಸಿಕೊಳ್ಳುವ ವಸ್ತು ಅದು.

ಎಲ್‌ಎಲ್-37 ಬಗ್ಗೆ ಇನ್ನೆರಡು ಮಾತು ಹೇಳಲೇಬೇಕು. ಅದು ಕ್ರಿಮಿ ಕೊಲ್ಲುತ್ತದೆ, ನಿಜ. ವಿಟಮಿನ್ ಡಿ ಸಿಕ್ಕಾಗ ನಮ್ಮ ಕೋಶಗಳು ಅದನ್ನು ಹೆಚ್ಚು ತಯಾರಿಸುತ್ತವೆ ಅನ್ನುವುದೂ ನಿಜ. ಆದರೆ ಸೋರಿಯಾಸಿಸ್ ಇರುವವರ ಚರ್ಮದಲ್ಲಿ ಇದೇ ವಸ್ತು ಬೇಕಾದ್ದಕ್ಕಿಂತ ಹೆಚ್ಚು ಇರುತ್ತದೆ. ನಮ್ಮದೇ ಡಿಎನ್‌ಎ ಜೊತೆ ಅಂಟಿಕೊಂಡು, ವೈರಿ ಬಂದ ಅಂತ ದೇಹಕ್ಕೆ ಸುಳ್ಳು ಸುದ್ದಿ ಕೊಡುತ್ತದೆ. 2007ರಲ್ಲಿ ಇದು ಗೊತ್ತಾಯಿತು. ಮುಖ ಕೆಂಪಾಗುವ ರೊಸೇಶಿಯಾ ಕಾಯಿಲೆಯಲ್ಲೂ ಇದರ ಕೈವಾಡ ಕಂಡಿದ್ದಾರೆ. ಅಂದರೆ ಒಂದೇ ಪೆಪ್ಟೈಡ್ ಒಬ್ಬರಿಗೆ ಕಾವಲುಗಾರ, ಇನ್ನೊಬ್ಬರಿಗೆ ಬೆಂಕಿ ಹಚ್ಚುವವನು. "ಉರಿಯೂತ ಇಳಿಸುತ್ತದೆ" ಅಂತ ಒಂದೇ ಸಾಲಿನಲ್ಲಿ ಇದನ್ನು ಹೊಗಳುವವರನ್ನು ನಾನು ನಂಬುವುದಿಲ್ಲ.

4. ಯಾರ ಮೇಲೆ ನೋಡಿದ್ದು?

ಹಾಳೆಯ ದೊಡ್ಡ ಜಾಗ ಇದಕ್ಕೇ ಬಿಡಿ. ನಾಲ್ಕು ಸಾಲು ಎಳೆಯಿರಿ: ಗಾಜಿನ ತಟ್ಟೆ, ಪ್ರಾಣಿ, ಸ್ವಲ್ಪ ಜನ, ತುಂಬ ಜನ. ಪ್ರತಿ ಪೆಪ್ಟೈಡ್ ಯಾವ ಸಾಲಿನವರೆಗೆ ಇಳಿದಿದೆ ಅಂತ ಗುರುತು ಹಾಕಿ.

ನಮ್ಮ ತೋಟದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಕೊಳೆ ರೋಗಕ್ಕೆ ಹೊಸ ಔಷಧಿ ಬಂತು ಅನ್ನಿ. ಮೊದಲು ಕೇಳುವುದೇ "ಯಾರ ತೋಟದಲ್ಲಿ ಹೊಡೆದಿದ್ದಾರೆ?" ಅಂತ. ಆ ವರ್ಷ ಮಳೆ ಎಷ್ಟಿತ್ತು? ಎಷ್ಟು ಮರ? ಪಕ್ಕದಲ್ಲಿ ಹೊಡೆಯದೆ ಬಿಟ್ಟ ಸಾಲು ಇತ್ತಾ? ಮಳೆಯೇ ಕಡಿಮೆ ಬಿದ್ದ ವರ್ಷ ಔಷಧಿ ಹೊಡೆದು "ಕೊಳೆ ಬರಲಿಲ್ಲ ನೋಡಿ" ಅಂದರೆ ಯಾರೂ ಒಪ್ಪುವುದಿಲ್ಲ. ಆ ಹೊಡೆಯದೆ ಬಿಟ್ಟ ಸಾಲೇ ಮದ್ದಿನ ಪರೀಕ್ಷೆಯಲ್ಲಿ ಪ್ಲಾಸಿಬೊ ಗುಂಪು. ಅವರಿಗೆ ಮದ್ದಿನ ಹಾಗೇ ಕಾಣುವ, ಮದ್ದಿಲ್ಲದ ಸೂಜಿ ಕೊಡುತ್ತಾರೆ. ಯಾರಿಗೆ ಯಾವುದು ಸಿಕ್ಕಿದೆ ಅಂತ ರೋಗಿಗೂ ಗೊತ್ತಿರುವುದಿಲ್ಲ, ಡಾಕ್ಟರಿಗೂ ಗೊತ್ತಿರುವುದಿಲ್ಲ. ಕೀಲು ನೋವು ತಾನಾಗಿಯೇ ಏರುತ್ತದೆ, ತಾನಾಗಿಯೇ ಇಳಿಯುತ್ತದೆ. ಹಾಗಾಗಿ ಈ ಸಾಲು ಇಲ್ಲದ ಪರೀಕ್ಷೆಗೆ ಅರ್ಧ ಅಂಕ ಕೊಡಿ, ಸಾಕು.

ನಮ್ಮ ಐದರಲ್ಲಿ ಕೊನೆಯ ಸಾಲಿನವರೆಗೆ ಇಳಿದಿರುವುದು ಥೈಮೋಸಿನ್ ಆಲ್ಫಾ-1 ಒಂದೇ. ಅದರ ಕಥೆಯನ್ನು ನಿಧಾನವಾಗಿ ಓದಿ.

ಸೆಪ್ಸಿಸ್ ಅಂದರೆ ಸೋಂಕು ದೇಹವನ್ನೆಲ್ಲಾ ಕೆಡಿಸಿ, ಅಂಗಾಂಗ ಕೈಕೊಡುವ ಸ್ಥಿತಿ. ಚೀನಾದ ಆರು ಆಸ್ಪತ್ರೆಗಳಲ್ಲಿ 361 ಸೆಪ್ಸಿಸ್ ರೋಗಿಗಳ ಮೇಲೆ ಈ ಪೆಪ್ಟೈಡನ್ನು ನೋಡಿದರು. ಫಲಿತಾಂಶ 2013ರಲ್ಲಿ ಬಂತು. 28 ದಿನದೊಳಗೆ ತೀರಿಕೊಂಡವರು ಮದ್ದು ಪಡೆದ ಗುಂಪಿನಲ್ಲಿ ನೂರಕ್ಕೆ 26, ಪಡೆಯದ ಗುಂಪಿನಲ್ಲಿ ನೂರಕ್ಕೆ 35. ನೂರು ಜನರಲ್ಲಿ ಒಂಬತ್ತು ಜೀವ ಉಳಿದ ಲೆಕ್ಕ. ಅಲ್ಲಿಗೇ ಓದುವುದನ್ನು ನಿಲ್ಲಿಸಿದ್ದರೆ ಯಾರಿಗಾದರೂ ಆಸೆ ಹುಟ್ಟುತ್ತದೆ. ಆದರೆ ಆ ವ್ಯತ್ಯಾಸ ಆಕಸ್ಮಿಕವಾಗಿಯೂ ಬಂದಿರಬಹುದಾದ ಗಡಿಯಲ್ಲೇ ಇತ್ತು. ಹಾಗಾಗಿ ದೊಡ್ಡದಾಗಿ ಮತ್ತೆ ನೋಡಿದರು. ಈ ಸಲ 22 ಆಸ್ಪತ್ರೆ, 1106 ರೋಗಿಗಳು, ಸರಿಯಾದ ಪ್ಲಾಸಿಬೊ ಗುಂಪು. 2025ರಲ್ಲಿ ಫಲಿತಾಂಶ ಹೊರಬಂತು. ಮದ್ದಿನ ಗುಂಪಿನಲ್ಲಿ ತೀರಿಕೊಂಡವರು ನೂರಕ್ಕೆ 23.4. ಪ್ಲಾಸಿಬೊ ಗುಂಪಿನಲ್ಲಿ 24.1. ಆ ಒಂಬತ್ತು ಎಲ್ಲಿ ಹೋಯಿತು? ಒಂದೂ ಉಳಿಯಲಿಲ್ಲ.

ನಾನು ಈ ಎರಡು ಸಂಖ್ಯೆಗಳನ್ನು ಅಂಗಡಿಯ ಕೌಂಟರ್ ಪಕ್ಕ ಬರೆದು ಅಂಟಿಸಿಕೊಂಡಿದ್ದೇನೆ. ಮದ್ದು ಮೋಸದ್ದು ಅಂತಲ್ಲ. ಥೈಮೋಸಿನ್ ಆಲ್ಫಾ-1ಕ್ಕೆ ಹಲವು ದೇಶಗಳಲ್ಲಿ ಹೆಪಟೈಟಿಸ್-ಬಿ ಚಿಕಿತ್ಸೆಗೆ ಒಪ್ಪಿಗೆ ಇದೆ. ಅಮೆರಿಕದಲ್ಲಿ ಇಲ್ಲ. ನಮ್ಮ ದೇಶದಲ್ಲೂ ಡಾಕ್ಟರುಗಳು ಆಸ್ಪತ್ರೆಯಲ್ಲಿ ಬಳಸುತ್ತಾರೆ. ಐದರಲ್ಲಿ ತುಂಬ ಪರೀಕ್ಷೆ ದಾಟಿದ ಪೆಪ್ಟೈಡಿನ ಪಾಡೇ ಹೀಗಾದರೆ, ಮನುಷ್ಯರ ಮೇಲೆ ಅಷ್ಟು ನೋಡಿರದ ಉಳಿದವುಗಳ ಬಗ್ಗೆ ಎಷ್ಟು ಎಚ್ಚರ ಇರಬೇಕು ಅನ್ನುವುದು ನನ್ನ ಮಾತು.

ಉಳಿದವನ್ನು ಬೇಗ ಮುಗಿಸುತ್ತೇನೆ. ಬಿಪಿಸಿ-157ರ ಕೆಲಸ ಬಹುಪಾಲು ಇಲಿಗಳ ಮೇಲೆ, ಅದರಲ್ಲೂ ಹೆಚ್ಚಿನದು ಕ್ರೊಯೇಷಿಯಾದ ಜಾಗ್ರೆಬ್ ನಗರದ ಒಂದೇ ತಂಡದಿಂದ. ಮನುಷ್ಯರ ಮೇಲಿನ ಕೆಲಸ ಬೆರಳೆಣಿಕೆಯಷ್ಟು. ಹೊಸ ರಕ್ತನಾಳ ಬೆಳೆಸುವ ಗುಣ ಇದೆ ಅಂತ ಪ್ರಾಣಿಗಳಲ್ಲಿ ಕಂಡಿರುವುದರಿಂದ, ಗಡ್ಡೆ ಇದ್ದವರಿಗೆ ಏನಾದೀತು ಅನ್ನುವ ಆತಂಕವೂ ಇದೆ. ಹೊಸ ರಕ್ತನಾಳ ಗಾಯಕ್ಕೂ ಬೇಕು, ಗಡ್ಡೆಗೂ ಬೇಕು. ಕೆಪಿವಿ ಇಲಿಗಳ ಕರುಳಿನ ಉರಿಯೂತ ಇಳಿಸಿದ್ದು 2008ರಲ್ಲಿ ವರದಿಯಾಯಿತು. ಗುರುತು ಎರಡನೇ ಸಾಲಿನಲ್ಲೇ ನಿಲ್ಲುತ್ತದೆ. ಎಲ್‌ಎಲ್-37ನ್ನು ಕಾಲಿನ ಮಾಯದ ಹುಣ್ಣಿಗೆ ಮೇಲಿಂದ ಹಚ್ಚಿ ಮನುಷ್ಯರಲ್ಲಿ ನೋಡಿದ್ದಾರೆ. ಒಟ್ಟು ಲೆಕ್ಕದಲ್ಲಿ ಗೆಲ್ಲಲಿಲ್ಲ. ಹಚ್ಚಿ ನೋಡಿದ್ದನ್ನು ಚುಚ್ಚಿಕೊಳ್ಳಲು ಆಧಾರ ಮಾಡಿಕೊಳ್ಳುವುದು ತಪ್ಪು, ಅಲ್ವಾ?

ಪ್ರಾಣಿಗಳ ಸಾಲು ಕೀಳು ಅಂತ ನಾನು ಹೇಳುತ್ತಿಲ್ಲ. ನಮ್ಮ ಪಶ್ಚಿಮ ಘಟ್ಟದ ಒಂದು ಕಪ್ಪೆಯ ಚರ್ಮದಲ್ಲಿ ಉರುಮಿನ್ ಅನ್ನುವ ಪೆಪ್ಟೈಡ್ ಸಿಕ್ಕಿದೆ. ಕೇರಳದ ಬಳುಕುವ ಕತ್ತಿ ಉರುಮಿಯ ಹೆಸರನ್ನೇ ಅದಕ್ಕೆ ಇಟ್ಟರು. ಎಚ್1 ಗುಂಪಿನ ಫ್ಲೂ ವೈರಸ್ಸನ್ನು ಅದು ಒಡೆದುಹಾಕಿತು, ಇಲಿಗಳನ್ನು ಉಳಿಸಿತು ಅಂತ 2017ರಲ್ಲಿ ಪ್ರಕಟವಾಯಿತು. ಗದ್ದೆ ಬದುವಿನಲ್ಲಿ ವಟಗುಟ್ಟುವ ಜೀವದ ಬೆನ್ನಲ್ಲಿ ಇಂಥದ್ದು ಇದೆ ಅಂತ ಓದಿದಾಗ ನನಗೆ ಮೈ ಜುಮ್ ಅಂದಿತು. ಆದರೂ ನನ್ನ ಹಾಳೆಯಲ್ಲಿ ಅದರ ಗುರುತು ಎರಡನೇ ಸಾಲಿನಲ್ಲೇ ಇದೆ.

ಮಂಗನ ಕಾಯಿಲೆಗೆ ಇವು ಆಗುತ್ತವಾ ಅಂತ ಕೇಳುವವರೂ ಇದ್ದಾರೆ. ಆಗುತ್ತವೆ ಅನ್ನಲು ಯಾವ ಆಧಾರವೂ ಇಲ್ಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗೊತ್ತಾದ ಈ ಕಾಯಿಲೆಗೆ ಬಹಳ ವರ್ಷ ಲಸಿಕೆ ಕೊಟ್ಟರು. ನಾವೂ ತೋಳು ಕೊಟ್ಟಿದ್ದೇವೆ. 2005ರಿಂದ 2010ರವರೆಗಿನ ಲೆಕ್ಕ ತೆಗೆದಾಗ, ಎರಡು ಡೋಸ್ ಪಡೆದವರಲ್ಲಿ ರಕ್ಷಣೆ ನೂರಕ್ಕೆ 62ರಷ್ಟು, ಬೂಸ್ಟರ್ ಸೇರಿದರೆ 83ರಷ್ಟು ಅಂತ ಕಂಡಿತು. ಆಮೇಲೆ ಅದರ ಬಲ ಸಾಲದು ಅಂತ 2022ರಲ್ಲಿ ನಿಲ್ಲಿಸಿದರು. ಸರ್ಕಾರವೇ ಕೊಟ್ಟ ಲಸಿಕೆಯನ್ನೂ ಹೀಗೆ ಎಣಿಸಿ, ಅಳೆದು, ಸಾಲದಾದಾಗ ನಿಲ್ಲಿಸುತ್ತಾರೆ. ಕಾಡಿಗೆ ಹೋಗುವವರು ಉಣುಗು ಕಚ್ಚದಂತೆ ತಡೆಯುವ ಡೇಪಾ ಎಣ್ಣೆ ಹಚ್ಚಿಕೊಳ್ಳಿ. ಬಂದ ಮೇಲೆ ಬಿಸಿನೀರಲ್ಲಿ ಸ್ನಾನ ಮಾಡಿ, ಮೈಯಲ್ಲಿ ಉಣುಗು ಇದೆಯಾ ನೋಡಿಕೊಳ್ಳಿ. ಜ್ವರ ಬಂದರೆ ಅವತ್ತೇ ಆಸ್ಪತ್ರೆಗೆ ಹೋಗಿ.

5. ಏನನ್ನು ಅಳೆದರು?

ಸಿಆರ್‌ಪಿ, ಇಎಸ್‌ಆರ್ ಅಂತ ರಕ್ತ ಪರೀಕ್ಷೆಗಳಿವೆ. ಉರಿಯೂತ ಇದ್ದಾಗ ಏರುತ್ತವೆ. ಅವು ಇಳಿದವು ಅಂದರೆ ಒಳ್ಳೆಯ ಸೂಚನೆ, ಅಷ್ಟೇ. ಕೀಲು ಉಳಿಯಿತಾ, ಬೆಳಿಗ್ಗೆ ಎದ್ದಾಗ ಬೆರಳು ಮಡಚಲು ಬಂತಾ, ಆಸ್ಪತ್ರೆ ಸೇರುವುದು ತಪ್ಪಿತಾ ಅನ್ನುವುದು ಬೇರೆ ಲೆಕ್ಕ. ಪರೀಕ್ಷೆಯಲ್ಲಿ ಯಾವುದನ್ನು ಅಳೆದಿದ್ದಾರೆ ಅಂತ ಒಂದೇ ಪದದಲ್ಲಿ ಬರೆಯಿರಿ: "ರಕ್ತ" ಅಥವಾ "ಮನುಷ್ಯ".

6. ಹುಡುಕುವುದು ಎಲ್ಲಿ?

ಮಾರುವವರ ಪುಟದಲ್ಲಿ ಬೇಡ. ವೈದ್ಯಕೀಯ ಸಂಶೋಧನಾ ಲೇಖನಗಳನ್ನು ಹುಡುಕುವ ಪಬ್‌ಮೆಡ್ ಅನ್ನುವ ಜಾಲತಾಣ ಉಚಿತ. ಪೆಪ್ಟೈಡಿನ ಹೆಸರನ್ನು ಇಂಗ್ಲಿಷಿನಲ್ಲಿ ಹಾಕಿ. ಎಡಗಡೆ ಇರುವ ಆಯ್ಕೆಗಳಲ್ಲಿ "ರ್ಯಾಂಡಮೈಸ್ಡ್ ಕಂಟ್ರೋಲ್ಡ್ ಟ್ರಯಲ್" ಅನ್ನುವುದನ್ನು ಒತ್ತಿ. ಚೀಟಿ ಎತ್ತಿದ ಹಾಗೆ ಗುಂಪು ಮಾಡಿ, ಹೋಲಿಸಲು ಇನ್ನೊಂದು ಗುಂಪು ಇಟ್ಟು ನಡೆಸಿದ ಪರೀಕ್ಷೆ ಅಂತ ಅದರ ಅರ್ಥ. ನೂರಾರು ಲೇಖನ ತೋರಿಸುತ್ತಿದ್ದ ಪಟ್ಟಿ ಒಮ್ಮೆಲೇ ಬೆರಳೆಣಿಕೆಗೆ ಇಳಿಯುವುದನ್ನು ನೋಡುವಿರಿ. ಆ ಹುಡುಗನಿಗೆ ಅಲ್ಲೇ ಅರ್ಧ ಉತ್ತರ ಸಿಕ್ಕಿತ್ತು.

ನಮ್ಮ ದೇಶದಲ್ಲಿ ನಡೆಯುವ ಪರೀಕ್ಷೆಗಳಿಗೆ ಸಿಟಿಆರ್‌ಐ ಅನ್ನುವ ನೋಂದಣಿ ಪುಟ ಇದೆ. 2009ರ ಜೂನ್ 15ರಿಂದ ಅಲ್ಲಿ ಮೊದಲೇ ನೋಂದಾಯಿಸುವುದು ಕಡ್ಡಾಯ. "ನಮ್ಮ ಆಸ್ಪತ್ರೆಯಲ್ಲಿ ಪೆಪ್ಟೈಡ್ ಟ್ರಯಲ್ ನಡೀತಿದೆ, ಸೇರಿ, ಇಷ್ಟು ದುಡ್ಡು ಕಟ್ಟಿ" ಅಂತ ಯಾರಾದರೂ ಕರೆದರೆ ನೋಂದಣಿ ಸಂಖ್ಯೆ ಕೇಳಿ, ಅಲ್ಲೇ ಹಾಕಿ ನೋಡಿ.

7. ಬಾಟಲಿಯೊಳಗೆ ಏನಿದೆ?

ಔಷಧಿ ಅಂಗಡಿಯವನಾಗಿ ನನಗೆ ಹೆಚ್ಚು ನಿದ್ದೆ ಕೆಡಿಸುವುದು ಈ ಹೆಜ್ಜೆ. ಇಷ್ಟು ಹೊತ್ತು ಮಾತಾಡಿದ್ದು ಪೆಪ್ಟೈಡ್ ಬಗ್ಗೆ. ಕೈಗೆ ಬರುವುದು ಒಂದು ಬಾಟಲಿ. ಎರಡೂ ಒಂದೇ ಅಂತ ಯಾರು ಹೇಳಿದರು?

ಆ ಹುಡುಗನ ಗೆಳೆಯ ಆನ್‌ಲೈನ್‌ನಲ್ಲಿ ತರಿಸಿದ್ದನ್ನು ಇನ್ನೊಂದು ದಿನ ತಂದು ತೋರಿಸಿದ. ಹೆಬ್ಬೆರಳಷ್ಟು ಗಾಜಿನ ಬಾಟಲಿ, ತಳದಲ್ಲಿ ಬಿಳಿ ಪುಡಿ. ಮೇಲೆ ಸಣ್ಣ ಅಕ್ಷರದಲ್ಲಿ "ಸಂಶೋಧನೆಗೆ ಮಾತ್ರ, ಮನುಷ್ಯರ ಬಳಕೆಗೆ ಅಲ್ಲ" ಅಂತ ಇಂಗ್ಲಿಷಿನಲ್ಲಿ ಇತ್ತು. ತಯಾರಿಕೆಯ ಲೈಸೆನ್ಸ್ ಸಂಖ್ಯೆ ಇರಲಿಲ್ಲ. ಎಂಆರ್‌ಪಿ ಇರಲಿಲ್ಲ. ನನ್ನ ಅಂಗಡಿಯಲ್ಲಿ ಅಂಥ ಬಾಟಲಿ ಸಿಕ್ಕಿದರೆ ಡ್ರಗ್ಸ್ ಇನ್ಸ್‌ಪೆಕ್ಟರ್ ಸುಮ್ಮನೆ ಬಿಡುವುದಿಲ್ಲ. "ಆದ್ರೆ ಸರ್ಟಿಫಿಕೇಟ್ ಕಳಿಸಿದಾರೆ, ಶುದ್ಧತೆ 99 ಪರ್ಸೆಂಟ್" ಅಂದ.

ಆ ಕಾಗದ ಓದುವುದು ಹೇಗೆ ಅಂತ ಅವನಿಗೆ ಹೇಳಿದ್ದನ್ನು ನಿಮಗೂ ಹೇಳುತ್ತೇನೆ. ಮೊದಲು ಕಾಗದದ ಮೇಲಿನ ಬ್ಯಾಚ್ ಸಂಖ್ಯೆ ಬಾಟಲಿಯ ಮೇಲಿನದಕ್ಕೆ ಹೊಂದುತ್ತದಾ ನೋಡಿ. ಪರೀಕ್ಷೆ ಮಾಡಿದ ಲ್ಯಾಬ್ ಬೇರೆಯವರದ್ದಾ, ಮಾರುವವರದ್ದೇನಾ? 99 ಅನ್ನುವ ಸಂಖ್ಯೆ ಹೇಳುವುದು ಇಷ್ಟೇ: ಲ್ಯಾಬಿನ ಯಂತ್ರ ಕಂಡ ವಸ್ತುವಿನಲ್ಲಿ 99 ಪಾಲು ಒಂದೇ ಬಗೆಯದು ಅಂತ. ಅದು ನೀವು ಕೇಳಿದ ಪೆಪ್ಟೈಡೇ ಹೌದಾ ಅಂತ ತಿಳಿಯಲು ಅಣುವಿನ ತೂಕ ನೋಡುವ ಪರೀಕ್ಷೆ ಬೇರೆ ಬೇಕು. ಕ್ರಿಮಿ ಇಲ್ಲ ಅನ್ನಲು ಇನ್ನೊಂದು ಪರೀಕ್ಷೆ. ಎಂಡೋಟಾಕ್ಸಿನ್ ಇಲ್ಲ ಅನ್ನಲು ಮತ್ತೊಂದು.

ಎಂಡೋಟಾಕ್ಸಿನ್ ಅಂದರೆ ಕೆಲವು ಬ್ಯಾಕ್ಟೀರಿಯಾಗಳ ಗೋಡೆಯ ಚೂರು. ಬ್ಯಾಕ್ಟೀರಿಯಾ ಸತ್ತರೂ ಇದು ಉಳಿಯುತ್ತದೆ. ಸಾಮಾನ್ಯ ಕುದಿಸುವಿಕೆಗೆ ಜಗ್ಗುವುದಿಲ್ಲ. ಕಣ್ಣಿಗೆ ಕಾಣದಷ್ಟು ಪ್ರಮಾಣ ರಕ್ತಕ್ಕೆ ಸೇರಿದರೂ ಚಳಿ ಜ್ವರ ಬರುತ್ತದೆ, ದೇಹವೆಲ್ಲಾ ಉರಿಯೂತ ಏಳುತ್ತದೆ. ಉರಿಯೂತ ಇಳಿಸಲು ಚುಚ್ಚಿಕೊಂಡ ಸೂಜಿಯೇ ಉರಿಯೂತ ತರಬಹುದು ಅನ್ನುವುದನ್ನು ಆ ಹುಡುಗರು ಯೋಚಿಸಿರಲಿಲ್ಲ. ಅವರ ಕಾಗದದಲ್ಲಿ ಆ ಪರೀಕ್ಷೆಯ ಸಾಲೇ ಇರಲಿಲ್ಲ.

ಇನ್ನು ತಗೊಳ್ಳುವ, ಇಡುವ ವಿಷಯ. ಹೆಚ್ಚಿನ ಪೆಪ್ಟೈಡ್ ನುಂಗಿದರೆ ಹೊಟ್ಟೆಯಲ್ಲೇ ಜೀರ್ಣವಾಗಿ ಹೋಗುತ್ತವೆ. ಮೊಟ್ಟೆ ತಿಂದ ಹಾಗೆ. ಉಂಗುರದಂತಿರುವ ಸೈಕ್ಲೋಸ್ಪೊರಿನ್ ತರಹದವು ಅಪರೂಪ. ಹಾಗಾಗಿ ಮಾತ್ರೆ ರೂಪದಲ್ಲಿ ಮಾರುವುದು ಕಂಡರೆ ರಕ್ತಕ್ಕೆ ಎಷ್ಟು ಸೇರುತ್ತದೆ ಅಂತ ಅಳೆದಿದ್ದಾರಾ ಅಂತ ಕೇಳಿ. ಸೂಜಿಯ ರೂಪದ್ದಾದರೆ, ನೀರು ಬೆರೆಸಿದ ಮೇಲೆ ಸಾಮಾನ್ಯವಾಗಿ 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ನಮ್ಮ ಕಡೆ ಜುಲೈ ತಿಂಗಳಲ್ಲಿ ಲೈನಿನ ಮೇಲೆ ಮರ ಬಿದ್ದರೆ ಕರೆಂಟ್ ಎರಡು ದಿನ ಬರುವುದಿಲ್ಲ. ಆಗುಂಬೆ ಕಡೆಯವರನ್ನು ಕೇಳಿ. ಕೊರಿಯರ್‌ನಲ್ಲಿ ನಾಲ್ಕು ದಿನ, ಬಸ್ಸಿನ ಡಿಕ್ಕಿಯಲ್ಲಿ ಅರ್ಧ ದಿನ ಕಳೆದು ಬಂದ ಬಾಟಲಿ ಹೇಗಿದ್ದೀತು? ಹಾಳಾದ ಪೆಪ್ಟೈಡ್ ನೋಡಲು ಚೆನ್ನಾಗಿಯೇ ಇರುತ್ತದೆ.

8. ಒಪ್ಪಿಗೆ ಯಾರು ಕೊಟ್ಟಿದ್ದಾರೆ?

ನಮ್ಮಲ್ಲಿ ಹೊಸ ಮದ್ದಿಗೆ ಒಪ್ಪಿಗೆ ಕೊಡುವುದು ಸಿಡಿಎಸ್‌ಸಿಒ ಎಂಬ ಕೇಂದ್ರ ಸಂಸ್ಥೆ. ಅದರ ಒಪ್ಪಿಗೆ ಇದೆಯಾ, ಯಾವ ಕಾಯಿಲೆಗೆ ಇದೆ ಅಂತ ಎರಡನ್ನೂ ಬರೆಯಿರಿ. 2023ರಲ್ಲಿ ಅಮೆರಿಕದ ಎಫ್‌ಡಿಎ, ಅಲ್ಲಿನ ಅಂಗಡಿಗಳು ತಾವೇ ಬೆರೆಸಿ ಕೊಡುವ ವಸ್ತುಗಳಲ್ಲಿ ಸುರಕ್ಷತೆಯ ಆತಂಕ ಇರುವವುಗಳ ಗುಂಪಿಗೆ ಬಿಪಿಸಿ-157 ಅನ್ನು ಸೇರಿಸಿತು.

ಆಟಗಾರರು ಇರುವ ಮನೆಯವರು ಇದನ್ನು ಓದಿ. ಕ್ರೀಡೆಯಲ್ಲಿ ಉದ್ದೀಪನ ಮದ್ದು ತಡೆಯುವ ಜಾಗತಿಕ ಸಂಸ್ಥೆ ವಾಡಾದ ನಿಷೇಧದ ಪಟ್ಟಿಯಲ್ಲಿ ಬಿಪಿಸಿ-157 2022ರಿಂದ ಇದೆ. ಥೈಮೋಸಿನ್ ಬೀಟಾ-4 ಮತ್ತು ಟಿಬಿ-500 ಕೂಡ ಇವೆ. ಮಂಡಿ ನೋವು ಬೇಗ ಹೋಗಲಿ ಅಂತ ಕಬಡ್ಡಿ ಹುಡುಗ ಇದನ್ನು ಚುಚ್ಚಿಕೊಂಡು ಸಿಕ್ಕಿಬಿದ್ದರೆ ವರ್ಷಗಟ್ಟಲೆ ಆಟ ನಿಲ್ಲುತ್ತದೆ.

9. ಹಾಳೆ ಹಿಡಿದು ಡಾಕ್ಟರ ಹತ್ತಿರ ಹೋಗಿ

ತುಂಬಿದ ಹಾಳೆ, ಈಗ ತಗೊಳ್ಳುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ, ಹಳೆಯ ರಕ್ತ ಪರೀಕ್ಷೆಗಳು. ಇಷ್ಟು ಜೊತೆಗಿರಲಿ. ಕಷಾಯ, ಅಮೃತಬಳ್ಳಿ, ನಾಟಿ ಮದ್ದು ಇದ್ದರೆ ಅದನ್ನೂ ಬರೆಯಿರಿ, ಮುಚ್ಚಿಡಬೇಡಿ. "ಇದು ಕೊಡಿ" ಅಂತ ಕೇಳಬೇಡಿ. "ನನ್ನ ಕಾಯಿಲೆಗೆ ಇದಕ್ಕಿಂತ ಸಾಬೀತಾದದ್ದು ಏನಿದೆ, ಅದನ್ನು ನಾನು ಸರಿಯಾಗಿ ತಗೊಳ್ಳುತ್ತಿದ್ದೀನಾ?" ಅಂತ ಕೇಳಿ.

ಈಗಾಗಲೇ ಚುಚ್ಚಿಕೊಂಡು ಜ್ವರ, ಮೈ ಮೇಲೆ ದದ್ದು, ಉಸಿರಾಟದ ತೊಂದರೆ, ಸೂಜಿಯ ಜಾಗದಲ್ಲಿ ಕೀವು ಬಂದಿದ್ದರೆ ತಡ ಮಾಡಬೇಡಿ. ಹತ್ತಿರದ ಆಸ್ಪತ್ರೆಗೆ ಹೋಗಿ. ಬಾಟಲಿಯನ್ನೂ ತೆಗೆದುಕೊಂಡು ಹೋಗಿ. ನಾಚಿಕೆಯಿಂದ ಬಿಸಾಡಬೇಡಿ. ಮದ್ದಿನ ಅಡ್ಡ ಪರಿಣಾಮವನ್ನು ದೇಶದ ಲೆಕ್ಕಕ್ಕೆ ಸೇರಿಸಲು 1800-180-3024 ಎಂಬ ಉಚಿತ ಸಂಖ್ಯೆ ಇದೆ. ರೋಗಿಯೇ ಫೋನ್ ಮಾಡಬಹುದು.

ಆ ಹುಡುಗ ರಾತ್ರಿ ಕೂತು ಐದೂ ಹಾಳೆ ತುಂಬಿದ್ದ. ಸಂಧಿವಾತದ ಮೇಲೆ ತುಂಬ ಜನರಲ್ಲಿ ನೋಡಿದ ಪರೀಕ್ಷೆ ಅನ್ನುವ ಸಾಲು ಐದರಲ್ಲೂ ಖಾಲಿ. ಅದನ್ನೇ ಹಿಡಿದು ಅಮ್ಮನನ್ನು ಶಿವಮೊಗ್ಗಕ್ಕೆ ಕರೆದುಕೊಂಡು ಹೋದ. ಡಾಕ್ಟರು ಹಾಳೆ ನೋಡಿ, ಪಕ್ಕಕ್ಕಿಟ್ಟು, ಅಮ್ಮನನ್ನು ಕೇಳಿದರಂತೆ: "ಮಾತ್ರೆ ತಗೊಳ್ತಾ ಇದ್ದೀರಾ?" ಆಗ ಹೊರಬಿತ್ತು. ವಾಕರಿಕೆ ಬರುತ್ತದೆ ಅಂತ ಎರಡು ತಿಂಗಳಿಂದ ಮೆಥೊಟ್ರೆಕ್ಸೇಟ್ ಬಿಟ್ಟಿದ್ದರು. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಡಾಕ್ಟರು ಡೋಸ್ ಬದಲಿಸಿ, ಫೋಲಿಕ್ ಆಮ್ಲದ ಮಾತ್ರೆ ಸೇರಿಸಿ, ರಕ್ತ ಪರೀಕ್ಷೆಗೆ ದಿನ ಗೊತ್ತು ಮಾಡಿ ಕಳಿಸಿದರು.

ಮೊನ್ನೆ ಆ ಅಮ್ಮನೇ ಅಂಗಡಿಗೆ ಬಂದಿದ್ದರು. ಮೆಥೊಟ್ರೆಕ್ಸೇಟ್ ಮಾತ್ರೆ ವಾರಕ್ಕೆ ಒಂದೇ ದಿನ ತಗೊಳ್ಳುವಂಥದ್ದು. ದಿನಾ ತಗೊಂಡರೆ ಪ್ರಾಣಕ್ಕೇ ಅಪಾಯ. ಅದಕ್ಕೆ ನಾನು ಪ್ರತಿ ಸಲವೂ ಬಿಡಿಸಿ ಹೇಳುತ್ತೇನೆ. ಈ ಸಲ ನಾನು ಬಾಯಿ ತೆಗೆಯುವ ಮುಂಚೆಯೇ ಪೊಟ್ಟಣವನ್ನು ಕೌಂಟರ್ ಮೇಲೆ ಇಟ್ಟು, "ತಮ್ಮಾ, ಇದ್ರ ಮೇಲೆ ಬುಧವಾರ ಮಾತ್ರ ಅಂತ ದೊಡ್ಡದಾಗಿ ಬರೆದು ಕೊಡು. ಕನ್ನಡಕ ಇಲ್ದೆ ಕಾಣ್ಬೇಕು" ಅಂದರು.